ಬಿಗಿಯುವವರು ಒಬ್ಬರು, ಬಿಚ್ಚುವವರು ಇನ್ನೊಬ್ಬರು

ಸ್ಕ್ರೂ ತಲೆಗಳಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಸಿಗುವ ಉತ್ತರಗಳು ಹೆಚ್ಚಾಗಿ ಕಾರ್ಖಾನೆಯ ಕಡೆಯವು. ಎಷ್ಟು ಬೇಗ ಬಿಗಿಯಬಹುದು, ಮಷಿನ್ನಿನ ಬಿಟ್ ತಲೆಯೊಳಗೆ ತಾನಾಗಿಯೇ ಕೂರುತ್ತದೆಯೇ, ಸಾವಿರಕ್ಕೆ ಎಷ್ಟು ಬೆಲೆ ಬೀಳುತ್ತದೆ ಎಂಬುದೇ ಅಲ್ಲಿನ ಲೆಕ್ಕ. ಬೇಕಾದ ಲೆಕ್ಕವೇ ಅದು. ಆದರೆ ಕಾರ್ಖಾನೆ ಒಂದು ಸ್ಕ್ರೂವನ್ನು ಬಿಗಿಯುವುದು ಒಮ್ಮೆ ಮಾತ್ರ: ಒಣ ನೆಲದ ಮೇಲೆ, ಒಳ್ಳೆಯ ಬೆಳಕಿನಲ್ಲಿ, ಹೊಸ ಹತಾರದಿಂದ, ಕೆಲವೇ ಸೆಕೆಂಡುಗಳಲ್ಲಿ. ಅದನ್ನು ಬಿಚ್ಚುವ ಪ್ರಸಂಗ ಬರುವುದು ವರ್ಷಗಳಾದ ಮೇಲೆ. ಆಗ ತಲೆಗೆ ತುಕ್ಕು ಹಿಡಿದಿರುತ್ತದೆ, ಸಂದಿಯಲ್ಲಿ ಮಣ್ಣು ಗಟ್ಟಿಯಾಗಿರುತ್ತದೆ, ಕೈಗೆ ಸಿಕ್ಕ ಪಾನಾ ಯಾವುದೋ ಅದರಿಂದಲೇ ಕೆಲಸ ಆಗಬೇಕಿರುತ್ತದೆ. ತಲೆಯ ಗುಣದೋಷ ಬಯಲಾಗುವುದು ಅವತ್ತು. ಆದ್ದರಿಂದ ತಲೆಯನ್ನು ಆರಿಸುವಾಗ ಬಿಗಿಯುವವರಿಗಿಂತ ಬಿಚ್ಚುವವರ ಅನುಕೂಲಕ್ಕೆ ಹೆಚ್ಚು ತೂಕ ಕೊಡಬೇಕು ಎಂಬುದು ನನ್ನ ವಾದ. ಇದಕ್ಕೆ ಆಕ್ಷೇಪಗಳಿವೆ, ಕೆಲವು ಗಟ್ಟಿಯಾದವೇ. ಒಂದೊಂದಾಗಿ ಅವನ್ನೂ ನೋಡೋಣ.

ಈ ಪರೀಕ್ಷೆಗೆ ರಾಯಚೂರು ಜಿಲ್ಲೆಯ ಬಳಗಾನೂರಿಗಿಂತ ತಕ್ಕ ಜಾಗ ಹುಡುಕುವುದು ಕಷ್ಟ. ಸಿಂಧನೂರು, ಮಸ್ಕಿ, ಲಿಂಗಸೂಗೂರುಗಳ ಈ ಸೀಮೆಯಲ್ಲಿ ಎರೆಭೂಮಿ ಹೆಚ್ಚು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ಬಂತು, ಜೋಳ ಬೆಳೆಯುತ್ತಿದ್ದ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಯ ಜೊತೆಗೆ ಟ್ರ್ಯಾಕ್ಟರ್, ಕೇಜ್ ವ್ಹೀಲ್, ರೋಟವೇಟರ್, ಪಂಪ್‌ಸೆಟ್, ಪವರ್ ಸ್ಪ್ರೇಯರ್, ಪಂಜಾಬಿನಿಂದ ಬರುವ ಭತ್ತ ಕೊಯ್ಯುವ ಮಷಿನ್, ಸಿಂಧನೂರಿನ ರೈಸ್ ಮಿಲ್ಲು ಎಲ್ಲವೂ ಬಂದವು. ಇವುಗಳಲ್ಲಿ ಎಲ್ಲ ಬಗೆಯ ಸ್ಕ್ರೂ ತಲೆಗಳೂ ಇವೆ, ಅವುಗಳಿಗೆ ಎಲ್ಲ ಬಗೆಯ ಶತ್ರುಗಳೂ ಇಲ್ಲೇ ಇದ್ದಾರೆ. ಎರೆಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬಿ ಪ್ರತಿ ಸಂದಿಗೂ ನುಗ್ಗುತ್ತದೆ, ಒಣಗಿದಾಗ ಅಲ್ಲೇ ಕಲ್ಲಾಗುತ್ತದೆ. ಭತ್ತದ ಹೊಟ್ಟಿನಲ್ಲಿರುವ ಸಿಲಿಕಾ ಉಕ್ಕನ್ನು ಉಜ್ಜಿ ಸವೆಸುತ್ತದೆ. ಪೊಟ್ಯಾಷ್ ಗೊಬ್ಬರದ ಕ್ಲೋರೈಡು ಬೋಲ್ಟಿನ ಮೇಲಿನ ತೆಳುವಾದ ಸತುವಿನ ಲೇಪವನ್ನು ತಿನ್ನುತ್ತದೆ. ಅಚ್ಚುಕಟ್ಟಿನಲ್ಲಿ ಅಲ್ಲಲ್ಲಿ ನೀರು ನಿಂತು ಭೂಮಿ ಸವುಳಾಗಿದೆ. ಅಂಥ ಕಡೆ ತುಕ್ಕು ಇನ್ನೂ ಬೇಗ.

ಹೊಸ ಬೋಲ್ಟನ್ನು ಬಿಚ್ಚುವುದು ಬಿಗಿಯುವುದಕ್ಕಿಂತ ಸುಲಭ ಎಂಬುದು ಇಡೀ ವಿಷಯದ ತಿರುಳು. ನಾವು ಪಾನಾ ಹಾಕಿ ತಿರುಗಿಸುವ ಬಲವನ್ನು 100 ಪಾಲು ಎಂದುಕೊಂಡರೆ, ಇಂಜಿನಿಯರುಗಳ ಅಂದಾಜಿನಂತೆ ಸುಮಾರು 50 ಪಾಲು ತಲೆಯ ಕೆಳಗಿನ ಘರ್ಷಣೆಗೆ ಹೋಗುತ್ತದೆ, 40 ಪಾಲು ಥ್ರೆಡ್‌ಗಳ ಘರ್ಷಣೆಗೆ. ಬೋಲ್ಟನ್ನು ಕೂದಲೆಳೆಯಷ್ಟು ಹಿಗ್ಗಿಸಿ ಎರಡು ಭಾಗಗಳನ್ನು ಒತ್ತಿ ಹಿಡಿಯುವ ನಿಜವಾದ ಕೆಲಸಕ್ಕೆ ಉಳಿಯುವುದು ಬರೀ 10 ಪಾಲು. ಬಿಚ್ಚುವಾಗ ಆ ಎರಡೂ ಘರ್ಷಣೆಗಳನ್ನು ಮತ್ತೆ ಎದುರಿಸಬೇಕು, ಆದರೆ ಹಿಗ್ಗಿದ ಬೋಲ್ಟು ಕುಗ್ಗಲು ಹವಣಿಸುವುದರಿಂದ ಆ 10 ಪಾಲು ಈಗ ನಮ್ಮ ಕಡೆಗೆ. 50ಕ್ಕೆ 40 ಕೂಡಿಸಿ 10 ಕಳೆದರೆ 80. ಅಂದರೆ ಬಿಗಿದ ಬಲದ ಐದನೇ ನಾಲ್ಕು ಭಾಗ ಸಾಕು. ಕಾರ್ಖಾನೆಯ ಮೇಜಿನ ಮೇಲೆ ಈ ಲೆಕ್ಕ ಸರಿ. ತುಕ್ಕು ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಥ್ರೆಡ್‌ಗಳ ನಡುವಿನ ಸಂದಿಯಲ್ಲಿ ಅಷ್ಟು ಜಾಗ ಎಲ್ಲಿದೆ? ಹಾಗಾಗಿ ಅದು ನಟ್ಟು ಬೋಲ್ಟುಗಳ ನಡುವೆ ಬೆಣೆಯಂತೆ ಬಿಗಿದುಕೊಳ್ಳುತ್ತದೆ. 80 ಪಾಲು ಬೇಕಾಗಿದ್ದ ಕಡೆ 150 ಬೇಕಾಗಬಹುದು, 200 ಬೇಕಾಗಬಹುದು. ಬಿಗಿಯುವ ಬಲಕ್ಕೆ ಸರಿಯಾಗಿ ಮಾಡಿದ ತಲೆ ಇಲ್ಲೇ ಸೋಲುವುದು. ಬೋಲ್ಟು ಮಿಸುಕುವ ಮೊದಲೇ ತಲೆ ಸವೆದು ಗುಂಡಗಾಗುತ್ತದೆ.

ಈಗ ಒಂದೊಂದು ತಲೆಯನ್ನೂ ಈ ಕಣ್ಣಿನಿಂದ ನೋಡೋಣ. ಬಹಳ ಹಳೆಯದು ಒಂದೇ ಗೆರೆಯ ತಲೆ, ಗ್ಯಾರೇಜಿನ ಮಾತಿನಲ್ಲಿ ಮೈನಸ್. ಗರಗಸ ಅಥವಾ ಅರದಿಂದ ಒಂದು ಗೀರು ಹಾಕಿದರೆ ಅದು ತಯಾರು. ಕೈಯಲ್ಲೇ ಸ್ಕ್ರೂ ಮಾಡುತ್ತಿದ್ದ ಕಾಲದಲ್ಲಿ ತಲೆಯೊಳಗೆ ಬೇರೆ ಆಕಾರದ ಗುಳಿ ತೆಗೆಯುವುದು ಸುಲಭವಿರಲಿಲ್ಲ. ಇದರ ದೋಷ ಎಲ್ಲರಿಗೂ ಗೊತ್ತು: ಸ್ಕ್ರೂಡ್ರೈವರ್ ಪಕ್ಕಕ್ಕೆ ಜಾರುತ್ತದೆ, ಜಾರಿ ಅಂಗೈಗೆ ಚುಚ್ಚುತ್ತದೆ, ಬಲವೆಲ್ಲ ಗೆರೆಯ ಎರಡು ತುದಿಗಳ ಮೇಲೆಯೇ ಬಿದ್ದು ಅಂಚು ಕಿತ್ತುಹೋಗುತ್ತದೆ. ಯಂತ್ರದಿಂದ ಬಿಗಿಯಲು ಇದು ಬಾರದು. ಆದರೂ ಬಳಗಾನೂರಿನಂಥ ಊರಿನಲ್ಲಿ ಇದಕ್ಕೆ ಎರಡು ಗುಣಗಳಿವೆ, ಕಾರ್ಖಾನೆಯ ಲೆಕ್ಕದಲ್ಲಿ ಅವು ಸೇರುವುದಿಲ್ಲ. ಗೆರೆಯ ಎರಡೂ ತುದಿ ತೆರೆದಿರುವುದರಿಂದ ಒಳಗೆ ಒಣಗಿದ ಮಣ್ಣನ್ನು ಒಂದು ಮೊಳೆಯಿಂದ ಗೀರಿ ಪೂರ್ತಿ ತೆಗೆಯಬಹುದು. ಗೆರೆ ಹಾಳಾದರೆ ಹ್ಯಾಕ್ಸಾ ಬ್ಲೇಡಿನಿಂದ ಹೊಸ ಗೆರೆ ಹಾಕಬಹುದು. ಗುಳಿಯ ತಲೆಗಳಿಗೆ ಹೊಲದಲ್ಲಿ ಕುಳಿತು ಹೀಗೆ ಅದೇ ಆಕಾರದ ಮರುಜನ್ಮ ಕೊಡಲಾಗುವುದಿಲ್ಲ. ಇನ್ನು ಹಳೆಯ ಬೈಕುಗಳ ಕಾರ್ಬುರೇಟರಿನ ಏರ್ ಸ್ಕ್ರೂವಿನಲ್ಲಿ ಈ ಗೆರೆಯೇ ಗಡಿಯಾರದ ಮುಳ್ಳಿನ ಕೆಲಸ ಮಾಡುತ್ತದೆ. ಪೂರ್ತಿ ಬಿಗಿದು ಒಂದೂವರೆ ಸುತ್ತು ಹಿಂದಕ್ಕೆ ಎಂದು ಮೆಕ್ಯಾನಿಕ್ ಹೇಳಿದಾಗ ಆ ಅರ್ಧ ಸುತ್ತು ಕಣ್ಣಿಗೆ ಕಾಣುವುದು ಗೆರೆಯಿಂದ. ಟ್ಯೂನ್ ಮಾಡುವ ಸ್ಕ್ರೂಗಳಲ್ಲಿ ಮೈನಸ್ ತಲೆ ಇಷ್ಟು ಕಾಲ ಉಳಿದದ್ದಕ್ಕೆ ಇದು ಗಟ್ಟಿ ಕಾರಣ.

ಸ್ಟಾರ್ ಸ್ಕ್ರೂ ಎಂದು ನಮ್ಮ ಅಂಗಡಿಗಳಲ್ಲಿ ಕೇಳಿ ಪಡೆಯುವ ನಾಲ್ಕು ಮೂಲೆಯ ಫಿಲಿಪ್ಸ್ ತಲೆ ಹುಟ್ಟಿದ್ದು ಪೂರ್ತಿ ಕಾರ್ಖಾನೆಗಾಗಿ. ಅಮೆರಿಕದ ಪೋರ್ಟ್‌ಲ್ಯಾಂಡಿನ ಹೆನ್ರಿ ಫಿಲಿಪ್ಸ್, ಜಾನ್ ಥಾಂಪ್ಸನ್ ಎಂಬುವರ ಕಲ್ಪನೆಯನ್ನು ಕೊಂಡು ತಿದ್ದಿ 1936ರಲ್ಲಿ ಪೇಟೆಂಟ್ ಪಡೆದರು. ಅದೇ ವರ್ಷ ಜನರಲ್ ಮೋಟರ್ಸ್ ಕ್ಯಾಡಿಲಾಕ್ ಕಾರುಗಳಲ್ಲಿ ಅದನ್ನು ಬಳಸಿತು. ಬಿಟ್‌ನ ಮೊನಚು ತುದಿ ಕಣ್ಣು ಮುಚ್ಚಿ ಇಟ್ಟರೂ ನಡುವಿನ ಗುಳಿಗೆ ಜಾರಿ ಕೂರುತ್ತದೆ. ಸಾಲಿನಲ್ಲಿ ನಿಂತ ಕಾರ್ಮಿಕನಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಆದರೆ ತುದಿ ಸುಲಭವಾಗಿ ಕೂರಲೆಂದು ಗುಳಿಯ ಗೋಡೆಗಳನ್ನು ಓರೆಯಾಗಿ ಮಾಡಿದ್ದಾರೆ. ಓರೆ ಗೋಡೆಯ ಮೇಲೆ ತಿರುಗಿಸುವ ಬಲ ಬಿದ್ದಾಗ ಅದರ ಒಂದು ಪಾಲು ಬಿಟ್ಟನ್ನು ಮೇಲಕ್ಕೆ ತಳ್ಳುತ್ತದೆ. ಬಲ ಹೆಚ್ಚಿದಷ್ಟೂ ತಳ್ಳುವಿಕೆ ಹೆಚ್ಚು. ಮೈಭಾರ ಹಾಕಿ ಒತ್ತಿ ಹಿಡಿಯದಿದ್ದರೆ ಬಿಟ್ ಎದ್ದು ಬರುತ್ತದೆ, ಬರುವಾಗ ಗೋಡೆಯನ್ನು ಕೆರೆದುಕೊಂಡೇ ಬರುತ್ತದೆ. ಅತಿಯಾಗಿ ಬಿಗಿಯದಿರಲೆಂದೇ ಹೀಗೆ ಮಾಡಿದರು ಎಂಬ ಮಾತು ಪ್ರಚಾರದಲ್ಲಿದೆ. 1936ರ ಮೂಲ ಪೇಟೆಂಟುಗಳಲ್ಲಿ ಆ ಉದ್ದೇಶ ಇಲ್ಲ; ಎದ್ದು ಬರುವುದನ್ನು ಗುಣವೆಂದು ಬರೆದದ್ದು 1949ರ ಒಂದು ಪೇಟೆಂಟಿನಲ್ಲಿ. ಉದ್ದೇಶ ಏನೇ ಇರಲಿ, ಆ ಗುಣ ಕೆಲಸಕ್ಕೆ ಬರುವುದು ಬಿಗಿಯುವಾಗ ಮಾತ್ರ. ತುಕ್ಕು ಹಿಡಿದ ಸ್ಕ್ರೂ 150 ಪಾಲು ಬಲ ಕೇಳುವ ದಿನ ಅದೇ ದೊಡ್ಡ ಶಾಪ. ಗುಳಿಯ ತಳ ಕಿರಿದಾದ್ದರಿಂದ ಒಣ ಎರೆಮಣ್ಣನ್ನು ಪೂರ್ತಿ ತೆಗೆಯುವುದೂ ಆಗುವುದಿಲ್ಲ. ಬಿಟ್ ಅರ್ಧವೇ ಇಳಿಯುತ್ತದೆ, ಅರ್ಧ ಇಳಿದ ಬಿಟ್ ಎರಡು ಪಟ್ಟು ಬೇಗ ಕೆರೆಯುತ್ತದೆ. ಮಷಿನ್ ಅಡಿಯಲ್ಲಿ ಅಂಗಾತ ಮಲಗಿ ಮೇಲಕ್ಕೆ ಕೈ ಚಾಚಿ ಕೆಲಸ ಮಾಡುವವರು ಮೈಭಾರ ಹಾಕುವುದಾದರೂ ಹೇಗೆ?

ಇಲ್ಲಿ ಅನುಭವಿ ಮೆಕ್ಯಾನಿಕ್‌ಗಳದೇ ಒಂದು ಆಕ್ಷೇಪವಿದೆ. ತಪ್ಪು ಸ್ಟಾರ್ ತಲೆಯದಲ್ಲ, ಅಳತೆ ನೋಡದೆ ಸಿಕ್ಕ ಸ್ಕ್ರೂಡ್ರೈವರ್ ತುರುಕುವವರದು ಎಂದು ಅವರು ಹೇಳುತ್ತಾರೆ. ಮಾತಿನಲ್ಲಿ ಹುರುಳಿದೆ. ನಾಲ್ಕು ಮೂಲೆಯ ತಲೆಗಳಲ್ಲೇ ಕನಿಷ್ಠ ಮೂರು ಜಾತಿಗಳಿವೆ, ಮೇಲ್ನೋಟಕ್ಕೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಫಿಲಿಪ್ಸ್ ಒಂದು. ಮುಖ್ಯ ಗೆರೆಗಳ ನಡುವೆ ಓರೆಯಾಗಿ ನಾಲ್ಕು ತೆಳು ಗೀರುಗಳಿದ್ದರೆ ಅದು ಪೋಜಿಡ್ರೈವ್. ಅದರ ಗೋಡೆ ಹೆಚ್ಚು ನೆಟ್ಟಗಿದೆ, ಬಿಟ್ ಅಷ್ಟಾಗಿ ಏಳುವುದಿಲ್ಲ. ತಲೆಯ ಮೇಲೆ ಒಂದು ಸಣ್ಣ ಚುಕ್ಕಿ ಇದ್ದರೆ ಅದು ಜಪಾನಿನ ಜೆಐಎಸ್ ಮಾದರಿ. 1985ರಿಂದ 1996ರವರೆಗೆ ನಮ್ಮ ದೇಶದಲ್ಲಿ ತಯಾರಾದ ಯಮಹಾ ಆರ್‌ಎಕ್ಸ್ 100 ಬೈಕಿನ ಇಂಜಿನ್ ಕವರಿನ ಸ್ಕ್ರೂಗಳು ಜಪಾನಿನ ವಿನ್ಯಾಸದವು. ಮಾಮೂಲಿ ಫಿಲಿಪ್ಸ್ ಬಿಟ್ ಅವುಗಳ ತಳಕ್ಕೆ ಮುಟ್ಟದೆ ಮೇಲೆಯೇ ಆತು ನಿಂತು ಅಂಚು ಕೆರೆಯುತ್ತದೆ. ಈ ಬೈಕನ್ನು ಇವತ್ತೂ ಜತನದಿಂದ ಇಟ್ಟುಕೊಂಡವರಲ್ಲಿ ಎಷ್ಟೋ ಮಂದಿ ಆ ಸ್ಕ್ರೂಗಳನ್ನು ತೆಗೆದು ಆರು ಮೂಲೆಯ ಗುಳಿಯಿರುವ ಎಲನ್ ಬೋಲ್ಟ್ ಹಾಕಿಸಿದ್ದಾರೆ, ಅದಕ್ಕೆಂದೇ ಸೆಟ್‌ಗಳು ಮಾರಾಟಕ್ಕಿವೆ. ಸರಿಯಾದ ಬಿಟ್ ಇದ್ದರೆ ತೊಂದರೆ ಕಡಿಮೆ ಎಂಬುದನ್ನು ಒಪ್ಪೋಣ. ಆದರೆ ಒಂದೇ ರೂಪದ ಮೂರು ಜಾತಿಗಳಿಗೆ ಮೂರು ಬಿಟ್, ಪ್ರತಿ ಜಾತಿಗೆ ಮೂರು ನಾಲ್ಕು ಅಳತೆ, ಸವೆದವನ್ನು ಆಗಾಗ ಬದಲಿಸುವ ಖರ್ಚು ಎಲ್ಲವನ್ನೂ ಬಿಚ್ಚುವವರ ಮೇಲೆ ಹೇರುವುದೇ ಆ ತಲೆಯ ದೋಷ. ಸವೆದ ಹತಾರವನ್ನೂ ಕೊಂಚ ತಪ್ಪಿದ ಅಳತೆಯನ್ನೂ ಸಹಿಸಿಕೊಳ್ಳುವುದು ತಲೆಯ ಒಂದು ಗುಣ ಎಂದೇ ಎಣಿಸಬೇಕು.

ಆ ಗುಣ ಹೆಚ್ಚಾಗಿ ಇರುವುದು ಹೊರಗಿನಿಂದ ಪಾನಾ ಹಾಕುವ ಆರು ಮೂಲೆಯ ತಲೆಗೆ. ಅದನ್ನೂ ಒಳಗೆ ಆರು ಮೂಲೆಯ ಗುಳಿಯಿರುವ ಎಲನ್ ತಲೆಯನ್ನೂ ಪಕ್ಕಪಕ್ಕ ಇಟ್ಟು ನೋಡೋಣ. 8 ಮಿಲಿಮೀಟರ್ ದಪ್ಪದ ಬೋಲ್ಟನ್ನೇ ತೆಗೆದುಕೊಳ್ಳಿ. ಹೊರ ತಲೆಗೆ 13 ನಂಬರ್ ಪಾನಾ, ಒಳ ಗುಳಿಗೆ 6 ನಂಬರ್ ಎಲನ್ ಕೀ. ತಲೆಯ ಮೇಲೆ 8.8 ಎಂದು ಮುದ್ರೆಯಿರುವ ಇಂಥ ಬೋಲ್ಟನ್ನು ಸುಮಾರು 25 ನ್ಯೂಟನ್-ಮೀಟರ್ ಬಲದಿಂದ ಬಿಗಿಯುವುದು ವಾಡಿಕೆ. 20 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ ಹನ್ನೆರಡು ಹದಿಮೂರು ಕಿಲೋ ಒತ್ತಿದರೆ ಅಷ್ಟು ಸಿಗುತ್ತದೆ. ಈ ಬಲ ಹೊರ ತಲೆಯ ಮೂಲೆಗಳಿಗೆ ತಲುಪುವಾಗ ನಡುವಿನಿಂದ ಏಳೂವರೆ ಮಿಲಿಮೀಟರ್ ದೂರದಲ್ಲಿ ಹಂಚಿಹೋಗುತ್ತದೆ: ಆರೂ ಮೂಲೆ ಸಮನಾಗಿ ಹೊತ್ತರೆ ಒಂದೊಂದಕ್ಕೆ ಸುಮಾರು 57 ಕಿಲೋ. ಎಲನ್ ಗುಳಿಯಲ್ಲಿ ಅದೇ ದೂರ ಮೂರೂವರೆ ಮಿಲಿಮೀಟರಿಗೂ ಕಡಿಮೆ. ಅಲ್ಲಿ ಪ್ರತಿ ಮೂಲೆಯ ಮೇಲೆ 120 ಕಿಲೋ ದಾಟುತ್ತದೆ. ತಲೆ ಗುಂಡಗಿರುವ ಅಥವಾ ಮಟ್ಟಸವಾಗಿ ಒಳಗೆ ಕೂರುವ ಎಲನ್ ಬೋಲ್ಟಾದರೆ ಕೀ 5 ನಂಬರಿಗೆ ಇಳಿಯುತ್ತದೆ, ಮೂಲೆಯ ಮೇಲಿನ ಭಾರ 147 ಕಿಲೋ ಆಗುತ್ತದೆ. ಇದು ಬಿಗಿಯುವ ಬಲ ಮಾತ್ರ. ತುಕ್ಕಿನ ದಿನ ಇದನ್ನು ಎರಡರಿಂದ ಗುಣಿಸಿ.

ಎಲನ್ ಬೋಲ್ಟ್ ಮಾಡುವವರಿಗೂ ಈ ಲೆಕ್ಕ ಗೊತ್ತಿದೆ. ಅದಕ್ಕೇ ಅವನ್ನು ಹೆಚ್ಚಾಗಿ 12.9 ದರ್ಜೆಯ ಗಟ್ಟಿ ಉಕ್ಕಿನಿಂದ ಮಾಡುತ್ತಾರೆ. ಇಕ್ಕಟ್ಟಾದ ಜಾಗದಲ್ಲಿ, ಎಣ್ಣೆಯಲ್ಲಿ ಮುಳುಗಿರುವ ಪಂಪಿನ ಮೇಲೆ, ಲೇತ್ ಮಷಿನ್ನಿನಲ್ಲಿ ಅದಕ್ಕೆ ಸಾಟಿಯಿಲ್ಲ. ಪಾನಾ ತಿರುಗಲು ಸುತ್ತ ಜಾಗ ಬೇಡ, ತಲೆ ಚಿಕ್ಕದು, ಕೀ ಗುಳಿಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಗದ್ದೆಗೆ ಇಳಿದಾಗ ಮಾತ್ರ ಆ ಗುಳಿ ಒಂದು ಬಟ್ಟಲು. ನೀರು ನಿಲ್ಲುತ್ತದೆ, ಮಣ್ಣು ತುಂಬುತ್ತದೆ, ತಳದಲ್ಲಿ ತುಕ್ಕು ಹಿಡಿಯುತ್ತದೆ. ಕಪ್ಪು ಬಣ್ಣದ ಆ ಬೋಲ್ಟಿನ ಮೇಲ್ಪದರಕ್ಕೆ ತುಕ್ಕು ತಡೆಯುವ ಶಕ್ತಿ ತೀರಾ ಕಡಿಮೆ. ಹೊರ ತಲೆಯಲ್ಲಿ ಹಿಡಿತ ಸಿಗುವುದು ಹೊರಗೋಡೆಗಳಿಂದ. ತಂತಿ ಬ್ರಷ್ಷಿನಿಂದ ನಾಲ್ಕು ಸಲ ಉಜ್ಜಿದರೆ ಮಣ್ಣು ಬಿಟ್ಟುಹೋಗುತ್ತದೆ. ಪಾನಾ ಕೂರದಿದ್ದರೆ ಪೈಪ್ ರೆಂಚ್ ಇದೆ, ಅದೂ ಜಾರಿದರೆ ಛಿನ್ನಿಯನ್ನು ಮೂಲೆಗೆ ಓರೆಯಾಗಿಟ್ಟು ಸುತ್ತಿಗೆಯಿಂದ ಬಾರಿಸಬಹುದು, ಕೊನೆಗೆ ತಲೆಯ ಮೇಲೆ ಇನ್ನೊಂದು ನಟ್ಟು ಇಟ್ಟು ವೆಲ್ಡಿಂಗ್ ಮಾಡಿ ತಿರುಗಿಸಬಹುದು. ವೆಲ್ಡಿಂಗಿನ ಕಾವಿಗೇ ತುಕ್ಕಿನ ಹಿಡಿತ ಅರ್ಧ ಸಡಿಲಾಗುತ್ತದೆ. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ ಎಂಬುದೇ ಹೊರ ತಲೆಯ ನಿಜವಾದ ಬಲ.

ಹೊರ ತಲೆಗೂ ಕಾಯಿಲೆಗಳಿಲ್ಲ ಎಂದಲ್ಲ. ಇಂಗ್ಲೆಂಡ್, ಅಮೆರಿಕಗಳ ವಿನ್ಯಾಸದಿಂದ ಬಂದ ಹಳೆಯ ಟ್ರ್ಯಾಕ್ಟರುಗಳಲ್ಲಿ ಇಂಚಿನ ಬೋಲ್ಟುಗಳಿವೆ, ಹೊಸ ಯಂತ್ರಗಳಲ್ಲಿ ಮಿಲಿಮೀಟರ್. ಮುಕ್ಕಾಲು ಇಂಚು ಎಂದರೆ 19.05 ಮಿಲಿಮೀಟರ್, ಹಾಗಾಗಿ 19 ನಂಬರ್ ಪಾನಾ ಹೇಗೋ ಕೂರುತ್ತದೆ. 9/16 ಇಂಚು ಎಂದರೆ 14.29, ಅದಕ್ಕೆ 14 ಹಿಡಿಸದು, 15 ಸಡಿಲ. ಆ ಸಡಿಲ ಪಾನಾ ಮೂಲೆಗಳನ್ನು ತಿನ್ನಲು ಶುರುಮಾಡುತ್ತದೆ. ತುಕ್ಕು ತಿಂದ 13ರ ತಲೆಗೆ ಅರ್ಧ ಇಂಚಿನ ಸಾಕೆಟ್ಟನ್ನು ಬಡಿದು ಕೂರಿಸುವ ಜಾಣತನ ಗ್ಯಾರೇಜುಗಳಲ್ಲಿ ಇದೆ. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್, ಸವೆದ ತಲೆಗೆ ಅದು ಬಿಗಿ ಅಂಗಿಯಂತೆ ಹಿಡಿಯುತ್ತದೆ.

ಬಿಚ್ಚುವ ದಿನವನ್ನು ಮನಸ್ಸಿನಲ್ಲಿಟ್ಟು ಮಾಡಿದ ತಲೆ ನೋಡಬೇಕೆಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಕಲ್ಟಿವೇಟರಿನ ಗುಳವನ್ನು ಹತ್ತಿರದಿಂದ ನೋಡಿ. ಮಣ್ಣನ್ನು ಸೀಳುವ ಆ ಉಕ್ಕಿನ ಪಟ್ಟಿಯ ಮುಂಭಾಗದಲ್ಲಿ ಎರಡು ಬೋಲ್ಟಿನ ತಲೆಗಳು ಮೈಗೆ ಸಮನಾಗಿ ಕೂತಿರುತ್ತವೆ. ಅವುಗಳಲ್ಲಿ ಗೆರೆಯಿಲ್ಲ, ಗುಳಿಯಿಲ್ಲ, ಮೂಲೆಯಿಲ್ಲ. ಹಿಡಿಯಲು ಏನೂ ಇಲ್ಲದ ನುಣ್ಣನೆಯ ತಲೆ. ಬಗ್ಗಿ ಹಿಂಭಾಗ ನೋಡಿದರೆ ಗುಟ್ಟು ತಿಳಿಯುತ್ತದೆ. ತಲೆಯ ಕೆಳಗೆ ಬೋಲ್ಟಿನ ಕುತ್ತಿಗೆ ಚೌಕಾಕಾರ, ಗುಳದ ತೂತೂ ಚೌಕ. ಹಾಗಾಗಿ ಬೋಲ್ಟು ತಿರುಗುವುದಿಲ್ಲ. ತಿರುಗುವುದು ಹಿಂದಿನ ನಟ್ಟು ಮಾತ್ರ, ಅದು ಮಣ್ಣಿನ ಉಜ್ಜುವಿಕೆಯಿಂದ ದೂರ, ಗುಳವನ್ನು ಹೊತ್ತ ಕಂಬದ ಮರೆಯಲ್ಲಿ ಇದೆ. ಎಕರೆಗಟ್ಟಲೆ ಉತ್ತು ಗುಳ ಸವೆದಂತೆ ತಲೆಯೂ ಅದರ ಜೊತೆಗೇ ಸವೆಯುತ್ತದೆ, ಅರ್ಧ ಉಳಿದರೂ ಚಿಂತೆಯಿಲ್ಲ. ಬಿಚ್ಚುವ ಕೆಲಸವನ್ನೆಲ್ಲ ಸುರಕ್ಷಿತ ಬದಿಗೆ ಒಪ್ಪಿಸಿ ಆಗಿದೆ. ಗುಳವನ್ನು ತಿರುವಿ ಹಾಕುವಾಗಲೂ ಬದಲಿಸುವಾಗಲೂ ಬೇಕಾಗುವುದು ಒಂದೇ ಪಾನಾ. ಹಾಳಾಗಲೇಬೇಕಾದ ತಲೆಗೆ ಹಿಡಿತವನ್ನೇ ಕೊಡದೆ ಬಿಟ್ಟ ಈ ವಿನ್ಯಾಸ ನನಗೆ ಎಲ್ಲ ತಲೆಗಳಿಗಿಂತ ಮೇಲಾಗಿ ಕಾಣುತ್ತದೆ. ರೋಟವೇಟರಿನ ಬ್ಲೇಡಿಗೆ ಇಂಥ ಅನುಕೂಲ ಇಲ್ಲ. ಅಲ್ಲಿ ಮಾಮೂಲಿ ಆರು ಮೂಲೆಯ ತಲೆ ಮಣ್ಣಿನಲ್ಲೇ ಸುತ್ತುತ್ತದೆ, ಮೂಲೆಗಳು ಸವೆದು ಬೋಲ್ಟನ್ನು ಗ್ಯಾಸ್ ಕಟ್ಟರಿನಿಂದ ಕತ್ತರಿಸಬೇಕಾಗುವುದು ಸಾಮಾನ್ಯ. ಸವೆಯುವ ಬದಿಗೆ ಎತ್ತರದ ತಲೆ, ಮರೆಯ ಬದಿಗೆ ನಟ್ಟು ಬರುವಂತೆ ಜೋಡಿಸಿದರೆ ಇದರಲ್ಲೂ ಅರ್ಧ ತೊಂದರೆ ತಪ್ಪುತ್ತದೆ.

ನನ್ನ ವಾದಕ್ಕೆ ಇರುವ ಅತ್ಯಂತ ಗಟ್ಟಿ ಆಕ್ಷೇಪ ಈಗ. ಹೊರಗೆ ಚಾಚಿದ ತಲೆ ಬಿಚ್ಚಲು ಸುಲಭ, ನಿಜ. ಆದರೆ ತಿರುಗುವ ಶಾಫ್ಟಿನ ಮೇಲೆ ಚಾಚಿದ ತಲೆ ಕೊಲ್ಲುತ್ತದೆ. ಧೋತರದ ಚುಂಗು, ಸೀರೆಯ ಸೆರಗು, ಟವೆಲಿನ ಅಂಚು ಅದಕ್ಕೆ ಸಿಕ್ಕಿದರೆ ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಒಂದೇ ಇಂಜಿನ್ನಿನಿಂದ ಉದ್ದನೆಯ ಶಾಫ್ಟು, ಬೆಲ್ಟುಗಳ ಮೂಲಕ ಇಡೀ ಮಿಲ್ಲು ನಡೆಯುತ್ತಿದ್ದ ಕಾಲದಲ್ಲಿ ರಾಟೆಯನ್ನು ಶಾಫ್ಟಿಗೆ ಬಿಗಿಯುವ ಸ್ಕ್ರೂವಿನ ಚೌಕ ತಲೆ ಹೊರಗೇ ಇರುತ್ತಿತ್ತು. 1910ರಲ್ಲಿ ಅಮೆರಿಕದ ವಿಲಿಯಂ ಅಲೆನ್ ಆರು ಮೂಲೆಯ ಗುಳಿಯ ಸ್ಕ್ರೂ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದಾಗ ಆ ಸ್ಕ್ರೂವನ್ನು ಮಾರಿದ್ದೇ ಸುರಕ್ಷಿತ ಸ್ಕ್ರೂ ಎಂದು. ಎಲನ್ ಕೀ ಎಂದು ನಾವು ಕರೆಯುವುದು ಆತನ ಹೆಸರಿನ ನೆನಪು. ನಮ್ಮ 1948ರ ಕಾರ್ಖಾನೆಗಳ ಕಾಯ್ದೆಯ 26ನೇ ಕಲಮು ತಿರುಗುವ ಶಾಫ್ಟು, ಚಕ್ರ, ಪಿನಿಯನ್ನುಗಳ ಮೇಲಿನ ಪ್ರತಿ ಸೆಟ್ ಸ್ಕ್ರೂ, ಬೋಲ್ಟ್, ಕೀಲುಗಳು ಒಳಗೆ ಹುದುಗಿರಬೇಕು ಅಥವಾ ಅವುಗಳಿಗೆ ಮುಚ್ಚಳ ಇರಬೇಕು ಎಂದು ಕಟ್ಟುನಿಟ್ಟಾಗಿ ಹೇಳಿತು. ರಾಶಿ ಮಾಡುವ ಮಷಿನ್ನುಗಳಲ್ಲಿ ಕೈ ಕಳೆದುಕೊಂಡವರ ಕಾರಣಕ್ಕೇ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ಇಲ್ಲಿ ನನ್ನ ವಾದ ತಲೆಬಾಗಲೇಬೇಕು. ತಿರುಗುವ ಭಾಗದ ಮೇಲೆ ಬಿಚ್ಚುವವರ ಅನುಕೂಲಕ್ಕಿಂತ ಜೀವ ದೊಡ್ಡದು; ಅಲ್ಲಿ ಹುದುಗಿದ ಎಲನ್ ಸ್ಕ್ರೂವೇ ಸರಿ. ಆದರೆ ಅಲ್ಲಿಯೂ ಬಿಚ್ಚುವ ದಿನವನ್ನು ಮರೆಯಬೇಕಾಗಿಲ್ಲ. ಬಿಗಿದಾದ ಮೇಲೆ ಗುಳಿಗೆ ಗಟ್ಟಿ ಗ್ರೀಸ್ ತುಂಬಿದರೆ ಮಣ್ಣಿಗೂ ಹೊಟ್ಟಿನ ದೂಳಿಗೂ ಜಾಗವೇ ಉಳಿಯುವುದಿಲ್ಲ, ಐದು ವರ್ಷದ ಮೇಲೂ ಕೀ ತಳ ಮುಟ್ಟುತ್ತದೆ.

ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯದು ಇನ್ನೊಂದು ಬಗೆ. ಒಳಗಿನ ಹಿತ್ತಾಳೆಯ ಟರ್ಮಿನಲ್ ಸ್ಕ್ರೂಗಳಲ್ಲಿ ಮೈನಸ್ ಗೆರೆಯೂ ಸ್ಟಾರ್ ಗುಳಿಯೂ ಒಟ್ಟಿಗೆ ಇರುವುದನ್ನು ನೋಡಬಹುದು. ಇಲ್ಲಿ ತುಕ್ಕಿಗಿಂತ ದೊಡ್ಡ ಭಯ ಸಡಿಲಾಗುವುದು. ಸಡಿಲಾದ ತುದಿಯಲ್ಲಿ ಪ್ರತಿರೋಧ ಹೆಚ್ಚಿ ಬಿಸಿಯಾಗುತ್ತದೆ, ಒಂದು ಫೇಸ್ ಕಡಿದುಹೋದರೆ ಉಳಿದೆರಡರ ಮೇಲೆ ಭಾರ ಬಿದ್ದು ಮೋಟರಿನ ಸುರುಳಿ ಸುಡುತ್ತದೆ. ಈ ಸ್ಕ್ರೂಗಳನ್ನು ಆಗಾಗ ಮುಟ್ಟಿ ಬಿಗಿ ನೋಡುತ್ತಿರಬೇಕು. ಹಾಗಾಗಿ ಯಾವ ಸ್ಕ್ರೂಡ್ರೈವರಿಗೂ ಒಲಿಯುವ ಜೋಡಿ ತಲೆ ಇಲ್ಲಿ ತಕ್ಕದ್ದು. ಹಿತ್ತಾಳೆ ಮೆತ್ತಗಿರುವುದರಿಂದ ಅಗಲವಾದ ಬಿಟ್ ಹಾಕಬೇಕು ಎಂಬುದಷ್ಟೇ ಎಚ್ಚರಿಕೆ.

ಕಾರ್ಖಾನೆಗೂ ರಿಪೇರಿಗೂ ಎರಡಕ್ಕೂ ಒಲಿಯುವ ತಲೆ ಇಲ್ಲವೇ ಎಂದರೆ ಇದೆ, ಬಹಳ ದಿನಗಳಿಂದ ಇದೆ. ಕೆನಡಾದ ಪೀಟರ್ ರಾಬರ್ಟ್‌ಸನ್ 1908ರಲ್ಲಿ ಒಂಟಾರಿಯೋದ ಮಿಲ್ಟನ್‌ನಲ್ಲಿ ಚೌಕ ಗುಳಿಯ ಸ್ಕ್ರೂ ತಯಾರಿಕೆ ಶುರುಮಾಡಿದರು. ಗೋಡೆಗಳು ಬಹುತೇಕ ನೆಟ್ಟಗೆ, ಬಿಟ್ ಏಳುವುದಿಲ್ಲ, ಸ್ಕ್ರೂ ಬಿಟ್‌ನ ತುದಿಗೆ ಕಚ್ಚಿಕೊಂಡೇ ಇರುತ್ತದೆ, ಒಂದೇ ಕೈಯಲ್ಲಿ ಕೆಲಸ. ಫೋರ್ಡ್ ಕಂಪನಿಯ ಕೆನಡಾ ಕಾರ್ಖಾನೆ ಅದರ ದೊಡ್ಡ ಗಿರಾಕಿ. ತಯಾರಿಕೆಯ ಹತೋಟಿ ತನಗೆ ಬೇಕೆಂದು ಹೆನ್ರಿ ಫೋರ್ಡ್ ಪಟ್ಟು ಹಿಡಿದಾಗ ರಾಬರ್ಟ್‌ಸನ್ ಒಪ್ಪಲಿಲ್ಲ, ಆ ತಲೆ ಕೆನಡಾ ಬಿಟ್ಟು ಹೆಚ್ಚು ದೂರ ಹೋಗಲಿಲ್ಲ. ಪೇಟೆಂಟನ್ನು ಧಾರಾಳವಾಗಿ ಬಾಡಿಗೆಗೆ ಕೊಟ್ಟ ಫಿಲಿಪ್ಸ್ ಜಗತ್ತೆಲ್ಲ ಹರಡಿತು. ಗೆದ್ದದ್ದು ಯೋಗ್ಯತೆಯಿಂದ ಮಾತ್ರ ಗೆದ್ದಿತು ಎನ್ನುವವರಿಗೆ ಈ ಪ್ರಸಂಗವೇ ಉತ್ತರ. 1967ರಲ್ಲಿ ಅಮೆರಿಕದ ಕ್ಯಾಮ್‌ಕಾರ್ ಕಂಪನಿ ತಂದ ಟಾರ್ಕ್ಸ್, ಅಂದರೆ ಆರು ದುಂಡು ಹಲ್ಲುಗಳ ಗುಳಿ, ಇನ್ನೂ ಒಂದು ಹೆಜ್ಜೆ ಮುಂದೆ. ಆರು ಮೂಲೆಯ ಎಲನ್ ಗುಳಿಯಲ್ಲಿ ಕೀಯ ಅಂಚು ಗೋಡೆಯನ್ನು ಓರೆಯಾಗಿ ತಳ್ಳುವುದರಿಂದ ಬಲದ ಹೆಚ್ಚಿನ ಪಾಲು ತಲೆಯನ್ನು ಹೊರಕ್ಕೆ ಸೀಳಲು ವ್ಯರ್ಥವಾಗುತ್ತದೆ. ಟಾರ್ಕ್ಸ್‌ನಲ್ಲಿ ದುಂಡು ಹಲ್ಲು ಗೋಡೆಯನ್ನು ಹೆಚ್ಚುಕಡಿಮೆ ನೇರವಾಗಿ ತಿರುಗುವ ದಿಕ್ಕಿಗೇ ತಳ್ಳುತ್ತದೆ, ವ್ಯರ್ಥ ಕಡಿಮೆ. ಈಗ ಅದರ ಮೂಲ ಪೇಟೆಂಟಿನ ಅವಧಿ ಎಂದೋ ಮುಗಿದಿದೆ, ಕಾರಿನ ಬಾಗಿಲು, ಸೀಟ್ ಬೆಲ್ಟುಗಳಲ್ಲಿ ನಮ್ಮಲ್ಲೂ ಸಿಗುತ್ತದೆ. ಮನೆಯೊಳಗಿನ, ನೀರು ಮುಟ್ಟದ ಕೆಲಸಕ್ಕೆ ಸ್ಟಾರ್ ಬದಲು ಟಾರ್ಕ್ಸ್ ಹಾಕಿದರೆ ಕಾರ್ಖಾನೆಗೂ ನಷ್ಟವಿಲ್ಲ. ಸ್ಟಾರ್ ಇಲ್ಲದಿದ್ದರೆ ಸರಕು ತುಟ್ಟಿಯಾಗುತ್ತದೆ ಎಂಬ ಆಕ್ಷೇಪ 1936ರಲ್ಲಿ ಸರಿಯಿತ್ತು, ಇಂದು ಅದಕ್ಕೆ ಬಲವಿಲ್ಲ. ಆದರೆ ಕೆಸರಿಗೆ ಟಾರ್ಕ್ಸ್ ಕೂಡ ಗುಳಿಯೇ, ಅದೂ ಸೂಕ್ಷ್ಮ ಗುಳಿ; ಗದ್ದೆಯ ಯಂತ್ರಕ್ಕೆ ಅದನ್ನು ನಾನು ಒಪ್ಪಲಾರೆ.

ಸುಲಭವಾಗಿ ಬಿಚ್ಚಬಹುದಾದ್ದನ್ನು ಕಳ್ಳನೂ ಬಿಚ್ಚುತ್ತಾನೆ, ತಿಳಿಯದವನೂ ಬಿಚ್ಚಿ ಕೆಡಿಸುತ್ತಾನೆ ಎಂಬ ಮಾತು ಉಳಿದಿದೆ. ನಡುವೆ ಮೊಳೆಯಿರುವ ಟಾರ್ಕ್ಸ್, ಒಂದೇ ದಿಕ್ಕಿಗೆ ತಿರುಗುವ ತಲೆ, ಆ್ಯಪಲ್ ಕಂಪನಿ 2009ರಲ್ಲಿ ತನ್ನ ಲ್ಯಾಪ್‌ಟಾಪಿನ ಬ್ಯಾಟರಿಗೂ ಮುಂದೆ ಐಫೋನಿಗೂ ಬಳಸಿದ ಐದು ದಳದ ತಲೆ, ಇವೆಲ್ಲ ಆ ವಾದದ ಮಕ್ಕಳು. ಕಳ್ಳನ ವಿಷಯದಲ್ಲಿ ಇವು ಕೊಡುವ ರಕ್ಷಣೆ ಅಲ್ಪ. ಇಂಥ ಬಿಟ್‌ಗಳ ಸೆಟ್ ಆನ್‌ಲೈನಿನಲ್ಲಿ ಅಗ್ಗವಾಗಿ ಸಿಗುತ್ತದೆ, ಹೊಲದಲ್ಲಿನ ಪಂಪು ಕದಿಯುವವರು ಸ್ಕ್ರೂ ಬಿಚ್ಚುತ್ತಾ ಕೂರುವುದಿಲ್ಲ, ಬುಡವನ್ನೇ ಕತ್ತರಿಸುತ್ತಾರೆ. ತಡೆಯುವುದು ಕೊನೆಗೆ ಯಂತ್ರದ ಒಡೆಯನನ್ನು, ಅದೂ ನಾಟಿಯ ವಾರದಲ್ಲಿ. ಹೆಚ್ಚಿನ ವಿದ್ಯುತ್ತಿರುವ, ಪ್ರಾಣಾಪಾಯದ ಪೆಟ್ಟಿಗೆಗಳಿಗೆ ಬೀಗ ಹಾಕಲಿ, ಬೇಡವೆನ್ನುವುದಿಲ್ಲ. ಫಿಲ್ಟರು, ಬೆಲ್ಟು, ಕಾರ್ಬುರೇಟರುಗಳ ಮುಚ್ಚಳಕ್ಕೆ ಅಪರೂಪದ ತಲೆ ಹಾಕುವುದಕ್ಕೆ ಕಾರಣವೇ ಇಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ ನಾಲ್ಕು ಕ್ಷೇತ್ರಗಳನ್ನು ಗುರುತಿಸಿದಾಗ ಮೊಬೈಲು, ಮನೆಬಳಕೆಯ ವಸ್ತು, ವಾಹನಗಳ ಜೊತೆಗೆ ಕೃಷಿ ಯಂತ್ರಗಳನ್ನೂ ಸೇರಿಸಿತು. ಅದೇ ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ಲೂ ಬಂತು. ಅಲ್ಲಿ ಕಂಪನಿಗಳಿಂದ ಕೈಪಿಡಿ, ಬಿಡಿಭಾಗಗಳ ಮಾಹಿತಿ ಕೇಳಲಾಗುತ್ತದೆ. ಯಾವ ಮುಚ್ಚಳ ಯಾವ ಪಾನಾದಿಂದ ಬಿಚ್ಚುತ್ತದೆ ಎಂಬುದನ್ನೂ ಕೇಳಬೇಕು.

ಇದನ್ನು ಕಾರ್ಯರೂಪಕ್ಕೆ ತರಲು ಹೊಸ ಇಲಾಖೆ ಬೇಕಿಲ್ಲ. ಕರ್ನಾಟಕದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳ ಮೂಲಕ ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಾರೆ. ಒಂದೇ ರೋಟವೇಟರು ಹತ್ತಾರು ರೈತರ ಗದ್ದೆ ಸುತ್ತುತ್ತದೆ, ಹಂಗಾಮಿನಲ್ಲಿ ಅದು ಅರ್ಧ ದಿನ ನಿಂತರೂ ಸರದಿ ಕಾಯುವವರೆಲ್ಲ ನಿಲ್ಲುತ್ತಾರೆ. ಆ ಯಂತ್ರಗಳನ್ನು ಕೊಳ್ಳುವಾಗಲೇ ಹೊಲದಲ್ಲಿ ಬಿಚ್ಚಬೇಕಾದ ಪ್ರತಿ ಬೋಲ್ಟೂ 10, 13, 17, 19 ನಂಬರಿನ ಪಾನಾಗಳಿಗೆ ಒಲಿಯಬೇಕು ಎಂದು ಒಂದು ಸಾಲು ಬರೆಯಬಹುದು. ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆ ಇದೆ. ಅಲ್ಲಿನ ಪರೀಕ್ಷೆಗೆ ಇನ್ನೊಂದು ಅಂಶವನ್ನು ಸೇರಿಸಲು ದೊಡ್ಡ ಖರ್ಚಿಲ್ಲ: ಯಂತ್ರವನ್ನು ಎರೆಮಣ್ಣಿನ ಕೆಸರಿನಲ್ಲಿ ಓಡಿಸಿ, ತೊಳೆಯದೆ ಒಂದು ತಿಂಗಳು ಬಯಲಲ್ಲಿ ಬಿಟ್ಟು, ಆಮೇಲೆ ಕೈಪಿಡಿಯಲ್ಲಿ ಹೇಳಿದ ಪಾನಾ ಮಾತ್ರ ಹಿಡಿದು ಬ್ಲೇಡು ಮತ್ತು ಮುಚ್ಚಳಗಳನ್ನು ಬಿಚ್ಚಿ ನೋಡುವುದು, ಎಷ್ಟು ಬೋಲ್ಟುಗಳ ತಲೆ ಗುಂಡಗಾಯಿತು ಎಂಬುದನ್ನು ವರದಿಯಲ್ಲಿ ಬರೆಯುವುದು.